ಮುಖ ತೊಳೆದ ರಾಕ್ಷಸ

ಯಗಟಿ, ಕಡೂರು ತಾಲ್ಲೂಕು
ಶನಿವಾರ, ೧೮ ಜನವರಿ ೨೦೨೫

ಪ್ರೀತಿಯ ಮಾಲಿನಕ್ಕಾ, ಹಾಗೂ ನಿನ್ನ ಮಂಚದ ಸುತ್ತ ನೆರೆದಿರುವ ಸಿ.ಆರ್.ಪಿ.ಎಫ್. ಬ್ಯಾರಕ್ಕಿನ ಸಮಸ್ತ ಸೋದರಿಯರೇ! ಚಪ್ಪಾಳೆ ಆಮೇಲೆ, ಮೊದಲು ಸದ್ದು ಮಾಡದೆ ಕೂತ್ಕೊಳ್ಳಿ. ನನ್ನ ಕಾಗದ ಬಂದರೆ ಎಲ್ಲರಿಗೂ ಓದಿ ಹೇಳ್ತೀಯ ಅಂತ ಗೊತ್ತು ಕಣಕ್ಕಾ. ಹಿಂದಿಯಲ್ಲೇ ಹೇಳು, ದನಿ ಮಾತ್ರ ನನ್ನದಿರಲಿ.

ನಿನ್ನ ಮಂಡಿನೋವು ಹೇಗಿದೆ? ಅಸ್ಸಾಮಿನ ಚಳಿಗೆ ಅವ್ವ ಕಳಿಸಿದ ಕಂಬಳಿ ಸಾಕಾಯ್ತಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ. ಈ ಸಲವೂ ಊರ ನಾಟಕಕ್ಕೆ ಅಪ್ಪನೇ ಮೇಷ್ಟ್ರು, ಈ ಸಲವೂ ನನಗೆ ಅದೇ ರಾಕ್ಷಸನ ಪಾತ್ರ. ಹಗಲೆಲ್ಲ ಗೂಡ್ಸ್ ಆಟೋ, ಸಂಜೆಯಾದರೆ ಗದೆ.

ಈಗ ಪರದೆ ಮೇಲೇಳಲಿ! ರಜಕ್ಕೆ ಬಂದಾಗ ನನ್ನ ಫೋನಿಗೆ ಡೇಟಿಂಗ್ ಆ್ಯಪ್ ಹಾಕಿ, 'ಒಳ್ಳೆ ಫೋಟೋ ಹಾಕೋ ಕೋತಿ' ಅಂದು ಹೋದೆಯಲ್ಲ. ಹಾಕಿದೆ. ನನ್ನ ಹತ್ತಿರ ಇರೋ ಒಳ್ಳೆ ಫೋಟೋ ಯಾವುದು? ಬಹುಮಾನ ಬಂದ ಪಾತ್ರದ್ದು! ಕೋರೆಹಲ್ಲು, ಕೆಂಪು ಬಣ್ಣ, ಹೆಗಲ ಮೇಲೆ ಗದೆ. ರಾಜಕುಮಾರಿಯನ್ನು ಹೊತ್ತೊಯ್ಯುವ ರಾಕ್ಷಸನ ವೇಷದಲ್ಲಿ ಹೆಣ್ಣು ಹುಡುಕಲು ಹೊರಟವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕಡೂರು ಸುಮ್ಮನಿತ್ತು. ಅಜ್ಜಂಪುರ ಸುಮ್ಮನಿತ್ತು. ಕೊನೆಗೆ ತರೀಕೆರೆಯಿಂದ ಬಂತು ನೋಡು ಒಂದು ಮೆಸೇಜು: 'ಲ್ಯಾಬಲ್ಲಿ ದಿನಾ ಜನರ ರಕ್ತ ತೆಗೆಯೋಳು ನಾನು, ರಾಕ್ಷಸರು ನೀವಾ? ಮುಖ ತೊಳೆದು ಇನ್ನೊಂದು ಫೋಟೋ ಹಾಕ್ರೀ.' ಅವಳೇ ಪ್ರಜ್ಞಾ! ಹಾಕಿದೆ. ಜೊತೆಗೆ ನನ್ನ ರಂಗದ ದನಿಯಲ್ಲಿ ಒಂದು ಮಾತು ರೆಕಾರ್ಡ್ ಮಾಡಿ ಕಳಿಸಿದೆ. 'ಇಯರ್‌ಫೋನ್ ಹಾಕಿದ್ದೆ, ಕಿವಿ ಹೋಯ್ತು' ಅಂದಳು. ಆಮೇಲೆ ಒಂದೇ ಒಂದು ಮಾತು: 'ಒನ್ಸ್ ಮೋರ್.' ಅಕ್ಕಾ, ಅಲ್ಲಿಗೆ ನಾನು ಮುಗಿದೆ.

ಆದರೆ ಕಥೆಗೆ ಕಂಟಕ ಬೇಡವೇ? ತೊಳೆದ ಮುಖ ನೋಡಿ ಬೇರೆಯವರೂ ಹೂಂ ಅನ್ನತೊಡಗಿದರು. ಪ್ರಜ್ಞಾ ಜೊತೆ ಮಾತಾಡ್ತಾ ಇದ್ದರೂ, ಮುಂದಿನವಳು ಹೇಗಿರಬಹುದು ಅಂತ ಬೆರಳು ಆ್ಯಪಿನ ಮೇಲೆ ತಾನಾಗೇ ಆಡೋದು. ಮೊನ್ನೆ ಕಡೂರು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಕೂತಿದ್ದೆವು. ಇನ್ನೇನು ಮದುವೆ ಮಾತು ಎತ್ತಬೇಕು, ಮೇಜಿನ ಮೇಲಿದ್ದ ಎರಡೂ ಫೋನು ಒಟ್ಟಿಗೆ ಟಿಣ್ ಅಂದವು! ನನ್ನನ್ನು ಇನ್ನೊಬ್ಬಳು ಒಪ್ಪಿದ್ದಳು, ಅವಳನ್ನು ಇನ್ನೊಬ್ಬ. ಫೋಟೋದಲ್ಲಿ ಆಸಾಮಿ ನನಗಿಂತ ಎತ್ತರ, ಕಾರಿಗೆ ಒರಗಿ ನಿಂತಿದ್ದ. ಸಾವಿರ ಜನರೆದುರು ಮಾತು ಮರೆಯದವನು ಅವತ್ತು ಮರೆತೆ. ಪ್ರಜ್ಞಾನೇ ಕೇಳಿದಳು: 'ಇನ್ನೂ ಚೆನ್ನಾಗಿರೋರು ಬತ್ತಾನೇ ಇರ್ತಾರೆ ಕಣ್ರೀ. ನಿಮಗೆ ಸಾಕು ಅನ್ಸೋದು ಯಾವಾಗ?'

ಎದ್ದು ಹೋಗಿ ಬೀಡಾ ಅಂಗಡಿಯಿಂದ ಎಲೆ ಅಡಿಕೆ ತಂದೆ. ನಮ್ಮ ನಾಟಕದ ಪದ್ಧತಿ ನಿನಗೆ ಗೊತ್ತಲ್ಲ. ಒಂದು ಪಾತ್ರಕ್ಕೆ ವೀಳ್ಯ ಹಿಡಿದವನು, ಮಾರನೇ ದಿನ ರಾಜನ ಪಾತ್ರವೇ ಖಾಲಿ ಬಿದ್ದರೂ ಬದಲಾಯಿಸೋ ಹಾಗಿಲ್ಲ. ಇದನ್ನು ಅವಳಿಗೆ ಹೇಳಿ ವೀಳ್ಯ ಮುಂದೆ ಹಿಡಿದೆ. 'ಪಾತ್ರ ಯಾವುದು?' ಅಂದಳು. 'ನೀವು ನನ್ನ ಹೆಂಡ್ತಿ, ನಾನು ನಿಮ್ಮ ಗಂಡ. ಕೊನೇ ಅಂಕದವರೆಗೂ!' ಫೋನಿನಲ್ಲಿದ್ದ ಕಾರಿನವನನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ವೀಳ್ಯ ಕಿತ್ತುಕೊಂಡು ಬಾಯಿಗೇ ಹಾಕ್ಕೊಂಡು ಬಿಟ್ಟಳು! 'ಇನ್ನು ವಾಪಸ್ ಕೊಡಕ್ಕೂ ಆಗಲ್ಲ' ಅಂತ ಅಗಿಯುತ್ತಲೇ ಆ್ಯಪ್ ಅಳಿಸಿದಳು. ನಾನೂ ಅಳಿಸಿದೆ. ಗೆದ್ದೆ ಅಕ್ಕಾ, ಗೆದ್ದೆ! ನಾನು ಅಬ್ಬರಿಸಿದ ರಭಸಕ್ಕೆ ಸಪ್ಲೈಯರ್ ಸಾಂಬಾರ್ ಚೆಲ್ಲಿಕೊಂಡ. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು, 'ಏನಪ್ಪಾ ಗೆದ್ದಿದ್ದು?' ಅಂದರು. ಕಥೆ ಪೂರ್ತಿ ಹೇಳಿದೆ. ಅವರ ಬಸ್ಸು ಹೋಯ್ತು.

ಸೋದರಿಯರೇ, ಈಗ ಹೊಡೆಯಿರಿ ಚಪ್ಪಾಳೆ! ಎಲ್ಲರಿಗೂ ನನ್ನ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚೋದು ಮರೀಬೇಡಕ್ಕಾ.

ನಿನ್ನ ಕೋತಿ ತಮ್ಮ,
ಹೊನ್ನೇಶ

ತಾ.ಕ.: ಇದೊಂದನ್ನು ಮೆಲ್ಲಗೆ ಓದಿಕೋ. ಅಪ್ಪ ಅವ್ವನಿಗೆ ಇನ್ನೂ ಹೇಳಿಲ್ಲ. ನನ್ನ ದನಿಗೆ ಊರೆಲ್ಲ ನಡುಗಿದರೂ ಅಪ್ಪ ನಡುಗಲ್ಲ. 'ರಾಕ್ಷಸ ಹೊತ್ಕೊಂಡು ಹೋಗೋದೇನೂ ಬೇಡ, ನಾನೇ ಬಂದು ನಿಮ್ಮಪ್ಪನ್ನ ಕೇಳ್ತೀನಿ' ಅಂದಿದ್ದಾಳೆ ಪ್ರಜ್ಞಾ. ನಾಳೆ ಬೆಳಿಗ್ಗೆ ಅವಳು ಬರೋ ಕಡೂರಿನ ಮೊದಲನೇ ಬಸ್ಸಿಗೆ, ಮುಖ ತೊಳೆದು, ಬಾಯಿ ಮುಚ್ಚಿಕೊಂಡು, ಸ್ಟಾಪಿನಲ್ಲಿ ನಿಂತಿರ್ತೀನಿ.