ವೇಷದಲ್ಲಿ ಹಿಡಿದ ವೀಳ್ಯ

ಕಣಿವೆಹಳ್ಳಿ, ರಾಮಗಿರಿ ಹತ್ತಿರ
ಸೌಮ್ಯ ಸಂವತ್ಸರದ ಮಾರ್ಗಶಿರ ಶುದ್ಧ ದಶಮಿ, ಬುಧವಾರ

ಎಲೈ, ಬೇವಿನಹಳ್ಳಿಯ ಪಡಸಾಲೆಯಲ್ಲಿ ನೆರೆದಿರುವ ಮಹಾಜನಗಳಿರಾ! ಮುಂದೆ ಕುಳಿತ ಬೀಗರೇ, ಕಂಬಕ್ಕೊರಗಿ ಈ ಕಾಗದ ಓದುತ್ತಿರುವ ಅಳಿಯಂದಿರೇ, ನಡುಬಾಗಿಲಲ್ಲಿ ನಿಂತ ತಾಯಂದಿರೇ! ಗದ್ದಲ ನಿಲ್ಲಿಸಿ, ಬಾಯೊಳಗಿನ ಎಲೆಯಡಿಕೆ ಉಗಿದು ಬಂದು, ನಾಟಕದ ಮೇಷ್ಟ್ರು ಮರುಳಸಿದ್ದಪ್ಪನ ಶರಣು ಶರಣಾರ್ಥಿಗಳನ್ನು ಸ್ವೀಕರಿಸಬೇಕು!

ಚಿ. ಸೌ. ಕೊಟ್ರಮ್ಮನಿಗೆ ಅಪ್ಪನ ಆಶೀರ್ವಾದಗಳು.

ಕಾಗದ ತಡವಾಯಿತು ಮಗಳೇ, ಕ್ಷಮಿಸು. ಮೂರು ಸಲ ಬರೆದೆ, ಮೂರು ಸಲವೂ ಒಲೆಗೆ ಹಾಕಿದೆ. ನಿನ್ನವ್ವ ಮಹಾದೇವಮ್ಮ, "ಬರ್ಯೋದಾದ್ರೆ ಬರೀರಿ, ಇಲ್ಲಾಂದ್ರೆ ಆ ಹಾಳೇಲಿ ಶುಂಠಿನಾದ್ರೂ ಕಟ್ಟಿ ಕೊಡ್ರಿ" ಎಂದಳು. ನಿನ್ನ ಬಾಣಂತನಕ್ಕೆಂದು ಅವಳು ತಂದಿಟ್ಟ ಸಾಮಾನೆಲ್ಲ ಅಟ್ಟದ ಮೇಲೆಯೇ ಇದೆ. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕು. ಏಳು ತುಂಬುತ್ತಲೇ ನಾನು ಗಾಡಿ ತರಬೇಕಿತ್ತು. ಒಂಬತ್ತಕ್ಕೆ ಬಿದ್ದರೂ ಅಪ್ಪ ಯಾಕೆ ಬರಲಿಲ್ಲ? ಮೊದಲಿನಿಂದ ಹೇಳುತ್ತೇನೆ, ಕೇಳು.

ನಮ್ಮೂರು ಯಾರ ಪಕ್ಷವೂ ಅಲ್ಲವೆಂಬುದು ನಿನಗೆ ಗೊತ್ತು. ಮೂಡಲ ಆರು ಹಳ್ಳಿಗಳಿಗೂ ನಿಮ್ಮೂರಿಗೂ ಕಾಲುವೆ ನೀರಿಗೆ ಬಡಿದಾಟವಾದಾಗಲೆಲ್ಲ ಎರಡೂ ಕಡೆಯವರು ನ್ಯಾಯಕ್ಕೆ ಬಂದು ಕೂತದ್ದು ನಮ್ಮ ಚಾವಡಿಯಲ್ಲೇ. ಹೋದ ವರ್ಷ ಪ್ಲೇಗು ಬಂದಾಗ ಆ ಆರು ಹಳ್ಳಿಯವರು ಸೇರಿ ಒಂದು ಕಟ್ಟು ಮಾಡಿಕೊಂಡರು. ಒಬ್ಬರ ಕಣಜದ ಕಾಳು ಎಲ್ಲರಿಗೆ. ಊರು ಬಿಟ್ಟವರಿಗೆ ಹೊಲದಲ್ಲಿ ಗುಡಿಸಲು. ಸೂಜಿ ಹಾಕುವ ಡಾಕ್ಟರನ್ನು ಎಲ್ಲರೂ ಕೂಡಿ ಕರೆಸುವುದು. ಷರತ್ತು ಒಂದೇ: ಕಾಯಿಲೆ ನಿಲ್ಲುವವರೆಗೆ ಕಟ್ಟಿನ ಹೊರಗಿನ ಊರಿನವರು ಯಾರೂ ಗಡಿಯೊಳಗೆ ಕಾಲಿಡಬಾರದು.

ಶ್ರಾವಣದಲ್ಲಿ ಆ ಕಟ್ಟಿನ ಯಜಮಾನ ತಿಮ್ಮರಾಯಪ್ಪ ನಮ್ಮನ್ನೂ ಕರೆಯಲು ಬಂದ. ನಮ್ಮ ಗೌಡರು ಓಬಳೇಶಪ್ಪ ತಲೆಯಾಡಿಸಿದರು.

"ಒಂದು ಕಡೆ ಸೇರಿದ್ರೆ ನಾಳೆ ನಮ್ ಚಾವಡಿಗೆ ಯಾರು ಬರ್ತಾರಪ್ಪ? ನಾವು ಯಾರಿಗೂ ಬೇಡಾದೋರಲ್ಲ. ಹಂಗೇ ಇರಾಣ."

"ನೀವು ಯಾರ ಕಡೇನೂ ಅಲ್ಲ ಅಂತ ನಿಮ್ಮೂರ ಇಲಿಗೆ ಗೊತ್ತೈತೇನ್ರಿ ಗೌಡ್ರೆ?"

ಚಾವಡಿಯೆಲ್ಲ ನಕ್ಕಿತು, ಗೌಡರು ನಗಲಿಲ್ಲ. ಮೂರು ತಿಂಗಳು ಹೀಗೇ ಹೋಯಿತು. ದೀಪಾವಳಿಗೆ ನಮ್ಮ ಕೇರಿಯ ಎರಡು ಮನೆಯಲ್ಲಿ ಇಲಿ ಸತ್ತು ಬಿತ್ತು, ಪ್ಲೇಗಿನ ಮೊದಲ ಗುರುತು. ಮರುದಿನವೇ ತಿಮ್ಮರಾಯಪ್ಪ ನಮ್ಮ ಮನೆಗೆ ಬಂದ. "ಮೇಷ್ಟ್ರೆ, ಗೌಡ್ರು ನನ್ ಮಾತು ಕೇಳಲ್ಲ. ನಿಮ್ ರಾಜನ ಮಾತಾದ್ರೂ ಕೇಳ್ತಾರೇನೋ, ಒಂದು ನಾಟಕ ಕಟ್ರಿ" ಎಂದ.

ಕಟ್ಟಿದೆ! ಮಧ್ಯಪುರಿಯೆಂಬ ರಾಜ್ಯ, ಅದಕ್ಕೆ ನಾನೇ ಅರಸ, ಯಾರಿಗೂ ಮಿತ್ರನಲ್ಲ, ಶತ್ರುವೂ ಅಲ್ಲ. ಸುತ್ತ ಆರು ಅರಸರ ಕೂಟ. ದೂತ ವೀಳ್ಯದ ತಟ್ಟೆ ತರುತ್ತಾನೆ, ಅರಸ "ಪ್ರಜೆಗಳನ್ನು ಕೇಳಿ ಹೇಳುವೆವು" ಎನ್ನುತ್ತಾನೆ, ತೆರೆ ಬೀಳುತ್ತದೆ. ಆಮೇಲಿನದನ್ನು ಊರೇ ಕೂತು ತೀರ್ಮಾನಿಸಲಿ ಎಂದು ನನ್ನ ಲೆಕ್ಕ. ಇಲಿ ಬಿದ್ದ ಮೇಲೆ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋದವರು ಬೆಳಕಿರುವಾಗಲೇ ಮರಳಬೇಕಲ್ಲ, ಹಾಡುಹಗಲಲ್ಲೇ ಆಡಿದೆವು. ಬಿಸಿಲಿಗೆ ಬಣ್ಣ ಇಳಿದು ಮೀಸೆ ತುಟಿಯ ಮೇಲೆ ಜಾರುತ್ತಿತ್ತು.

ವೀಳ್ಯದ ಗಳಿಗೆ ಬಂತು. ದೂತನ ಪಾತ್ರಧಾರಿಯನ್ನು ಪಕ್ಕಕ್ಕೆ ಸರಿಸಿ ತಟ್ಟೆ ಹಿಡಿದು ರಂಗ ಹತ್ತಿದವನು ಯಾರೆನ್ನುತ್ತೀ? ಸಾಕ್ಷಾತ್ ತಿಮ್ಮರಾಯಪ್ಪ!

"ಹಿಡೀರಿ, ಮಹಾರಾಜ್ರೆ!"

ನಾನು ದಂಗಾಗಿ ನಿಂತೆ. ಹಿಂದಿನಿಂದ ಯಾವನೋ ಕೂಗಿದ: "ಮೇಷ್ಟ್ರಿಗೆ ಮಾತು ಮರ್ತೋತು ಕಣ್ರಲೇ!"

ನಲವತ್ತು ವರ್ಷದಲ್ಲಿ ನನಗೆ ಯಾರೂ ಆಡದ ಮಾತು ಅದು. ಕೈ ಮುಂದೆ ಹೋಯಿತು. ವೀಳ್ಯ ಹಿಡಿದು, "ಇಂದಿನಿಂದ ಮಧ್ಯಪುರಿ ಈ ಕೂಟದ ಏಳನೆಯ ರಾಜ್ಯ!" ಎಂದು ಗರ್ಜಿಸಿದೆ. ಏನು ಚಪ್ಪಾಳೆ, ಏನು ಸಿಳ್ಳೆ!

ಗೌಡರು ಮಾತ್ರ ಎದ್ದು ರಂಗದ ಬಳಿ ಬಂದರು. "ಏನ್ ಮಾಡ್ಬಿಟ್ರಿ ಮೇಷ್ಟ್ರೆ? ಊರಿನ ಪಂಚರಾಗೆ ನೀವೂ ಒಬ್ರು. ಜನದ ಮುಂದೆ ವೀಳ್ಯ ಹಿಡಿದ್ರಿ."

"ಗೌಡ್ರೆ, ಇದು ನಾಟಕ..."

"ವೇಷ ನಾಟಕದ್ದು. ಎಲೆ ಅಡಿಕೆ ದಿಟವಾದ್ದೇ."

ಊರ ಐವರು ಪಂಚರಲ್ಲಿ ಒಬ್ಬ ಜನರೆದುರು ವೀಳ್ಯ ಹಿಡಿದರೆ ಊರು ಒಪ್ಪಿದಂತೆಯೇ. ಅದನ್ನು ಹಿಂದಕ್ಕೆ ಕೊಟ್ಟವರು ನಮ್ಮ ಸೀಮೆಯಲ್ಲಿ ಇಲ್ಲ. ಸಂಜೆಯೊಳಗೆ ಗಡಿಗೆ ಮುಳ್ಳುಬೇಲಿ ಬಿತ್ತು, ಕಾವಲು ಕೂತಿತು.

ಸುಳ್ಳು ಹೇಳಲಾರೆ: ಡಾಕ್ಟರು ಬಂದರು, ಎಲ್ಲರಿಗೂ ಸೂಜಿಯಾಯಿತು, ಆಮೇಲೆ ನಮ್ಮೂರಿನಲ್ಲಿ ಒಂದು ಹೆಣವೂ ಏಳಲಿಲ್ಲ. ಆದರೆ ನಿಮ್ಮೂರು ಹೊರಗಿನದಾಯಿತು, ಅದರೊಡನೆ ನೀನೂ. ನಾಚಿಕೆ ಬಿಟ್ಟು ತಿಮ್ಮರಾಯಪ್ಪನನ್ನು ಬೇಡಿದೆ. "ಇವತ್ತು ನಿಮ್ ಮಗಳು, ನಾಳೆ ನಮ್ಮಕ್ಕ. ನಮ್ಮಕ್ಕನೂ ಆಚೆ ಊರಾಗೇ ಅವಳೆ ಮೇಷ್ಟ್ರೆ" ಎಂದ. ಅವನ ಕಣ್ಣೂ ಒದ್ದೆಯಾಗಿತ್ತು.

ಬೀಗರಿಗೂ ಅಳಿಯಂದಿರಿಗೂ ನಮ್ಮ ವಂದನೆಗಳು. ಬೆಚ್ಚಗಿರು, ಭಾರ ಎತ್ತಬೇಡ. ಶಿವನು ನಿನ್ನನ್ನೂ ಒಡಲ ಕೂಸನ್ನೂ ಕಾಯಲಿ.

ಇಂತಿ ನಿನ್ನ ಅಪ್ಪ,
ಮರುಳಸಿದ್ದಪ್ಪ

ಮರೆತ ಮಾತು: ಅಳಿಯಂದಿರು ಓದುವುದನ್ನು ಇಲ್ಲಿಗೆ ನಿಲ್ಲಿಸಿ ಕಾಗದವನ್ನು ಅವಳ ಕೈಗೆ ಕೊಡಬೇಕು.

ಕೊಟ್ರಮ್ಮ, ಮರೆತದ್ದಲ್ಲ ಇದು. ಸೋಮವಾರ ನೀನು ಗಡಿಯ ತನಕ ಬಂದೆ. ಕಾವಲಿನವರು ತಡೆದರು. "ನಮ್ಮಪ್ಪನ್ನ ಕರೀರಿ, ಮುಖ ನೋಡ್ಕಂಡು ಹೋಗ್ತೀನಿ" ಎಂದು ಮೂರು ಸಲ ಕೂಗಿದೆ. "ಮೇಷ್ಟ್ರು ಊರಾಗಿಲ್ಲಮ್ಮ" ಎಂದರು. ಅವತ್ತಿನ ಕಾವಲು ನನ್ನದೇ. ಹತ್ತು ಮಾರು ಹಿಂದೆ, ಹುಣಸೆ ಮರದ ಮರೆಯಲ್ಲಿದ್ದೆ. ಹಾಗೆ ಹೇಳಿರೆಂದು ಅವರಿಗೆ ಕೈಸನ್ನೆ ಮಾಡಿದವನೂ ನಾನೇ. ಗಾಡಿ ತಿರುಗುವಾಗ ನೀನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡದ್ದು ಕಂಡಿತು. ಎದುರಿಗೆ ಬಂದರೆ ಬೇಲಿ ನಾನೇ ಕಿತ್ತುಬಿಟ್ಟೇನೆಂದು ಹೆದರಿ ಮರೆಯಲ್ಲೇ ಉಳಿದೆ.

ಇವತ್ತು ಬೆಳಿಗ್ಗೆ ನಿನ್ನವ್ವನಿಗೆ ಹೇಳಿದೆ. ಕೇಳಿದ್ದೇ ತಡ, ತನ್ನ ಸೀರೆಗಳ ಗಂಟು ಕಟ್ಟಿದಳು.

ಗಡಿ ದಾಟಿದವರು ಕಾಯಿಲೆ ನಿಲ್ಲುವವರೆಗೆ ಹಿಂದಿರುಗುವಂತಿಲ್ಲ. ಪಂಚರಲ್ಲಿನ ನನ್ನ ಸ್ಥಾನವೂ ಉಳಿಯದು. ಹೋಗಲಿ. ಬಾಗಿಲು ತೆಗೆಯುವುದೂ ಬಿಡುವುದೂ ನಿನ್ನಿಷ್ಟ. ಸರ್ಕಾರದ ಟಪಾಲಿಗೆ ಬೇಲಿ ಇಲ್ಲ, ಅಂಚೆಯ ಬೋರಪ್ಪ ಸಂಜೆಯೊಳಗೆ ಇದನ್ನು ನಿನಗೆ ಮುಟ್ಟಿಸುತ್ತಾನೆ. ನಾಳೆ ಬೆಳಿಗ್ಗೆ ನಿನ್ನವ್ವನನ್ನು ಗಾಡಿಯಲ್ಲಿ ಕೂರಿಸಿ, ನಾನೇ ಎತ್ತು ಹೊಡೆದುಕೊಂಡು ಆ ಬೇಲಿ ದಾಟಿ ಬರುತ್ತೇನೆ.