ಹಗ್ಗ ನನ್ನ ಕೈಗೆ ಬಂತು

ನೈರೋಬಿ, ಶನಿವಾರ

ನನ್ನ ಮುದ್ದಿನ ಅಕ್ಕಾ,

ಮದುವೆಯಾದ ಮೇಲೆ ಇವರು ಓಡುವುದನ್ನು ಇವತ್ತು ಮೊದಲ ಸಲ ಕಣ್ಣಾರೆ ಕಂಡೆ, ಎಷ್ಟು ಚೆಂದ ಗೊತ್ತಾ! ಕಣ್ಣು ಕಾಣದ ಕಿಬೆಟ್ ಅಣ್ಣನೂ ಅವನಿಗೆ ದಾರಿ ತೋರಿಸುವ ಇವರೂ ಒಂದೇ ಹಗ್ಗ ಹಿಡಿದು, ಸಾವಿರದೈನೂರು ಮೀಟರಿನಲ್ಲಿ ಎರಡು ಸುತ್ತು ಎಲ್ಲರಿಗಿಂತ ಮುಂದಿದ್ದರು. ಗೆದ್ದವರಿಗಷ್ಟೇ ದೇಶದ ತಂಡದಲ್ಲಿ ಜಾಗ. ಆಮೇಲೆ ನಿಧಾನವಾಗಿ, ಮೂರನೆಯವರಾದರು.

ನೀರು ಹಿಡಿದು ಓಡಿದೆ. ಇವರು ಹುಲ್ಲಿನ ಮೇಲೆ ಬಿದ್ದಿದ್ದರು. ಅಣ್ಣನಿಗೆ ಏದುಸಿರೂ ಇರಲಿಲ್ಲ.

"ನೀನ್ಯಾಕೋ ನಿಧಾನ ಮಾಡ್ದೆ?" ಎಂದರು ಇವರು.

"ಮಾಡ್ದಿದ್ರೆ ಹಗ್ಗ ನಿನ್ನ ಕೈ ತಪ್ತಿತ್ತು, ಇಬ್ರೂ ಔಟ್. ನಿನ್ನ ಉಸಿರು ಕೇಳಿಸ್ತು. ಮದುವೆ ಊಟ ಜೋರಾಗಿತ್ತಲ್ಲ ಮಾರಾಯ!"

ನನಗೆ ನಗು ಬರಲಿಲ್ಲ, ಅಕ್ಕಾ. ಮೂರು ವಾರ ಬಲವಂತವಾಗಿ ಬಡಿಸಿದವಳೂ, ಬೆಳಗಿನ ಓಟಕ್ಕೆ ಬಿಡದೆ ಹಿಡಿದಿಟ್ಟವಳೂ ನಾನೇ.

ಇವರು ಹಗ್ಗ ಎತ್ತಿಕೊಂಡು, "ಬೇರೆಯವರನ್ನ ನೋಡ್ಕೊ" ಎಂದು ಅಣ್ಣನ ಕೈಗಿಟ್ಟರು. ಅವನು ಅದನ್ನು ತಡವುತ್ತ ನನ್ನ ಕೈಗೆ ಕೊಟ್ಟ.

"ಸೋಮವಾರ ಬೆಳಿಗ್ಗೆ ಐದಕ್ಕೆ ಇವನನ್ನ ಎಬ್ಬಿಸಿ ಕಳ್ಸೋದು ನಿನ್ನ ಕೆಲಸ, ತಂಗಿ."

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಮುರ್ಸಿಕ್ ಮೊಸರು ಇನ್ನು ಕಳಿಸಬೇಡ, ನಿನ್ನ ಅಲಾರಂ ಗಡಿಯಾರ ಕಳಿಸು. ನಮ್ಮ ಬಸ್ಸು ಹೊರಟಿತು, ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಿನ್ನ ಜೆಲಗಾಟ್