ನಾಲ್ಕನೆಯ ಲೋಟ

ನವೆಂಬರ್ 10, ಸೋಮವಾರ, ಬೆಳಿಗ್ಗೆ

ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯೊಬ್ಬರು ಒಂದು ಮೊಳ ಸೇವಂತಿಗೆಯನ್ನು ಹರಿದು ಇಬ್ಬರು ಮೊಮ್ಮಕ್ಕಳಿಗೆ ಮುಡಿಸುತ್ತಿದ್ದರು. ಮುಂದೆ ನಿಂತವಳಿಗೆ ಉದ್ದದ ತುಂಡು. ಹಿಂದಿನವಳು ಜಡೆ ಮುಟ್ಟಿ ನೋಡಿಕೊಂಡಳು.

ನನ್ನ ಬ್ಯಾಗಿನಲ್ಲಿ ನಾಲ್ಕು ಡಬ್ಬಿ ಕಷಾಯಪುಡಿ. ಮೇಲೆ ಬರೀ ಅಕ್ಷರ — ಕ, ಚ, ಟ, ತ. ಮಹಿಳಾ ಸಂಘದ ನಾಲ್ವರು ತಮ್ಮ ತಮ್ಮ ಮನೆಯ ಹದದಲ್ಲಿ ಮಾಡಿದ್ದು. ಜನ ಮೆಚ್ಚಿದ್ದನ್ನು ಸಂಘ ಮಾರುತ್ತದೆ; ಮಾಡಿದವಳಿಗೇ ಸಂಘದ ಹುರಿಯುವ ಮನೆಯಲ್ಲಿ ಸಂಬಳದ ಕೆಲಸ. ಮನೆ ಮನೆಗೆ ಹೋಗಿ ನಾಲ್ಕನ್ನೂ ಕುಡಿಸಿ ಮಾರ್ಕು ಬರೆದುಕೊಳ್ಳುವುದು ನನ್ನ ಪಾಲು. ಟ ಹೊನ್ನಕ್ಕನದು. ತೋಟದ ಕೂಲಿಯಲ್ಲಿ ಸೊಂಟ ಬಿದ್ದುಹೋಗಿದೆ ಅವರಿಗೆ. ಹೊರಡುವಾಗ ಗೇಟಿನ ತನಕ ಬಂದಿದ್ದರು.

ಎನ್.ಆರ್.ಪುರದಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಜ್ಯೋತ್ಸ್ನಾ ಮೇಡಂ ಈ ಪರೀಕ್ಷೆಯ ಲೆಕ್ಕ ನೋಡಿಕೊಡುತ್ತಾರೆ. ನನಗೆ ಮತ್ತೆ ಮತ್ತೆ ಹೇಳಿದ್ದಾರೆ: “ಒಂದು ಮನೆ ಅಂದ್ರೆ ಒಂದು ಬ್ಲಾಕ್, ತನ್ಮಯಿ. ಮನೆಯಿಂದ ಮನೆಗೆ ನೀರು ಬೇರೆ, ಹಾಲು ಬೇರೆ. ಮಾರ್ಕು ಕೊಡೋದ್ರಲ್ಲಿ ಒಬ್ರು ಧಾರಾಳ, ಒಬ್ರು ಜಿಪುಣ. ಅದಕ್ಕೇ ಪ್ರತಿ ಮನೇಲೂ ನಾಲ್ಕನ್ನೂ ಕೊಟ್ಟು ಆ ಮನೆಯೊಳಗೇ ಹೋಲಿಸೋದು. ಯಾವುದು ಮೊದಲು, ಯಾವುದು ಕೊನೆ ಅನ್ನೋದಕ್ಕೆ ಮಾತ್ರ ಪ್ರತಿ ಮನೇಲೂ ಹೊಸದಾಗಿ ಚೀಟಿ ಎತ್ತಬೇಕು.”

ಬಿ.ಎ.ಯಲ್ಲಿ ಛಂದಸ್ಸು ಅರಗಿಸಿಕೊಂಡವಳಿಗೆ ಇದೇನು ದೊಡ್ಡದು ಎಂದುಕೊಂಡೆ.

ಅದೇ ದಿನ, ಸಂಜೆ

ಹಿರೇಕೊಡಿಗೆ. ಗಣಪತಿ ಭಟ್ಟರ ಮನೆ. ಜಗುಲಿ ತುಂಬ ಗಂಡಸರು. ಲೋಟದಲ್ಲಿ ಚೀಟಿ ಹಾಕಿ ಕುಲುಕಿದೆ. ಅಷ್ಟೇ.

“ಎಂತ ಕೂಸೇ ಅದು, ನಂಬರ್ ಎತ್ತಿ ಹೌಸಿ ಆಡ್ಸುಕೆ ಬಂದ್ಯಾ?” ಭಟ್ಟರ ಮಾತಿಗೆ ಜಗುಲಿಯೆಲ್ಲ ನಕ್ಕಿತು. ಯಾರೋ ಹಿಂದಿನಿಂದ, “ಫುಲ್ ಹೌಸಿಗೆ ಬಹುಮಾನ ಎಂತ ಕೊಡ್ತೀಯೆ?”

ಭಟ್ಟರು ಕುದಿಸಿಟ್ಟ ಕಷಾಯದ ಪಾತ್ರೆಗಳನ್ನು ಒಂದೊಂದಾಗಿ ಮೂಸಿದರು. ಟ ಹತ್ತಿರ ಬಂದಾಗ ಸೀನಿದರು. “ಇದು ಖಾರದ್ದು. ಕೊನೆಗೆ ಇಡು. ಎಲೆ ಮೇಲೆ ಬಡಿಸೂಕೂ ಒಂದು ಕ್ರಮ ಇಲ್ಲವಾ? ಮೊದಲೇ ಖಾರ ಕುಡಿಸಿದ್ರೆ ಉಳಿದ ಮೂರೂ ಸಪ್ಪೆ ಆಗ್ತದೆ. ಬಿ.ಎ. ಓದಿದ್ದೀಯಂತೆ, ಇಷ್ಟು ತಿಳಿಯೂದಿಲ್ವಾ?”

ಕಿವಿ ಬಿಸಿಯಾಯಿತು. ಚೀಟಿಗಳನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡೆ. ಕ, ಚ, ತ... ಕೊನೆಗೆ ಟ. ಹೇಳಿದ ಹಾಗೇ ಕೊಟ್ಟೆ. ಬಸ್ಸಿನಲ್ಲಿ ಕೈ ಬಿಚ್ಚಿದರೆ ಚೀಟಿಗಳು ಬೆವರಿಗೆ ಅಂಟಿಕೊಂಡಿದ್ದವು.

ನವೆಂಬರ್ 13

ನೆಮ್ಮಾರಿನ ಮನೆಗಳು. ಚೀಟಿ ತೆಗೆಯಲೇ ಇಲ್ಲ. ಭಟ್ಟರ ಕ್ರಮವನ್ನೇ ನಡೆಸಿದೆ. ಯಾರೂ ನಗಲಿಲ್ಲ. ಎಷ್ಟು ಸಲೀಸು!

ಒಂದು ಮನೆಯಲ್ಲಿ ಸೀತಕ್ಕ ಎಂಬವರು ಕೊಟ್ಟಿಗೆಯಿಂದ ತಡವಾಗಿ ಬಂದರು. ನಾನು ಏಳುವ ಮೊದಲೇ ಕೈಗೆ ಸಿಕ್ಕ ಪಾತ್ರೆಯಿಂದ ಬಗ್ಗಿಸಿಕೊಂಡರು. ಟ. “ಆಹಾ! ಕಟ್ಟಿದ್ದ ಗಂಟಲು ಬಿಡ್ತು ಮಾರಾಯ್ತಿ. ಯಾರು ಮಾಡಿದ್ದೇ ಇದು?” ಉಳಿದವನ್ನೂ ಕುಡಿದರು. ಕೊನೆಗೆ ಕುಡಿದದ್ದು ಕ. “ಇದೆಂತದು, ಲೋಟ ತೊಳೆದ ನೀರಾ?”

ಇಡೀ ಊರು ಮೆಚ್ಚಿದ್ದ ಕ.

ಸರದಿ ತಪ್ಪಿದೆ ಎಂದು ಅವರ ಮಾರ್ಕನ್ನು ಸೇರಿಸಲಿಲ್ಲ.

ನವೆಂಬರ್ 14

ಅಡ್ಡಗದ್ದೆ. ಇಂದು ಮಾರ್ಕಿಗಿಂತ ಲೋಟಗಳನ್ನೇ ನೋಡುತ್ತಿದ್ದೆ. ಮೊದಲನೆಯದು ಖಾಲಿ. ಎರಡನೆಯದೂ. ಮೂರನೆಯದಕ್ಕೆ ಮಾತು ಶುರು. ನಾಲ್ಕನೆಯದು ಆರಿ, ಕೆನೆ ಕಟ್ಟಿ, ಅರ್ಧಕ್ಕೇ ಕೆಳಗೆ. ಹೊಟ್ಟೆ ತುಂಬಿದೆ, ಕಷಾಯ ಸಾಕಾಗಿದೆ. “ಇದೂ ಅಡ್ಡಿಲ್ಲ” ಎನ್ನುತ್ತಾರೆ, ಮಾರ್ಕು ಇಳಿಸುತ್ತಾರೆ. ಅದು ಪುಡಿಗೆ ಬಿದ್ದ ಮಾರ್ಕೋ, ಸರದಿಗೆ ಬಿದ್ದದ್ದೋ... ಇನ್ನು ಹೇಳುವವರು ಯಾರು? ಎಲ್ಲ ಮನೆಯಲ್ಲೂ ಟ ಎಂದರೆ ನಾಲ್ಕನೆಯದು, ನಾಲ್ಕನೆಯದು ಎಂದರೆ ಟ.

ಕಂಡಿತು. ಕಂಡೂ ಬರೆದುಕೊಳ್ಳುತ್ತ ಹೋದೆ.

ನವೆಂಬರ್ 22

ಮೇಡಂ ಫೋನ್. ಖುಷಿಯಲ್ಲಿದ್ದರು. “ಎಷ್ಟು ಕ್ಲೀನ್ ಡೇಟಾ ಮಾರಾಯ್ತಿ! ಮನೆ ಮನೆಯ ವ್ಯತ್ಯಾಸ ತೆಗೆದುಬಿಟ್ರೆ ಟ ಒಂದೇ ಕೆಳಗೆ ಬಿದ್ದಿದೆ. ಹಿರೇಕೊಡಿಗೆ, ನೆಮ್ಮಾರು, ಅಡ್ಡಗದ್ದೆ — ಎಲ್ಲ ಕಡೆ ಒಂದೇ ಪಾಠ. ಚೀಟಿ ಎತ್ತಿದ್ದೆ ತಾನೆ?”

“ಹೂಂ.”

“ಗುಡ್ ಗರ್ಲ್.”

ಒಂದಕ್ಷರ. ಅದೂ ಮೂಗಿನಲ್ಲಿ.

ಡಿಸೆಂಬರ್ 4

ಇಷ್ಟು ದಿನ ಈ ಡೈರಿ ತೆರೆಯಲಿಲ್ಲ.

ಸಂಘದ ಅಧ್ಯಕ್ಷೆ ವಸಂತಮ್ಮ ಹೋದ ವಾರವೇ ತೀರ್ಮಾನ ಹೇಳಿದರು. ಕ ಗೆದ್ದಿದೆ. ಪ್ಯಾಕೆಟ್ ಪ್ರಿಂಟಾಗುವುದು ಸಂಕ್ರಾಂತಿ ಮುಗಿದ ಮೇಲೆ. ಹೊನ್ನಕ್ಕ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದರು.

ಇಂದು ನಮ್ಮ ಮನೆಗೆ ಬಂದರು. ಸೆರಗಿನೊಳಗೆ ಸಣ್ಣ ಡಬ್ಬಿ. “ಕಾಳುಮೆಣಸು ಅರ್ಧಕ್ಕರ್ಧ ಇಳಿಸೀನಿ ಕಣೆ. ನಮ್ಮವ್ವಂದು ಕೈ ಖಾರ. ಅದು ಬಾಯಿಗೇ ಹಿಡಿಯಲ್ಲ ಅಂತ ಇಷ್ಟು ವರ್ಷ ಯಾರೂ ಹೇಳ್ಲಿಲ್ಲ ನೋಡು. ದಾಕ್ಷಿಣ್ಯಕ್ಕೆ ಕುಡೀತಿದ್ರೇನೋ. ಬಂದೋರಿಗೆಲ್ಲ ಕೊಟ್ಟೀನಿ... ನೆನೆಸ್ಕಂಡ್ರೆ ಮುಖ ಮುಚ್ಕಬೇಕು ಅನ್ಸ್ತದೆ.”

ನಾಚಿಕೆ ಅವರಿಗೆ! ನಾನು ಪಡಬೇಕಾದ್ದನ್ನು ಅವರು ಹೊತ್ತುಕೊಂಡು ಬಂದು ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು.

ಕುದಿಸಿದೆ. ಕುಡಿದೆ. ಸಪ್ಪೆ. ಜೀರಿಗೆ ನೀರು.

“ಹೇಗದೆ? ನೀನು ಸುಳ್ಳು ಹೇಳೋಳಲ್ಲ.”

“ಚೆನ್ನಾಗಿದೆ ಹೊನ್ನಕ್ಕ.”

ಡಿಸೆಂಬರ್ 6

ಮೊದಲು ಅಂದುಕೊಂಡೆ: ಲೆಕ್ಕದಲ್ಲೇ ಎಲ್ಲಾದರೂ ಸರಿಮಾಡಬಹುದು, ಮೇಡಂ ಬುದ್ಧಿವಂತರು. ಆಗುವುದಿಲ್ಲ. ಮನೆಗಳ ವ್ಯತ್ಯಾಸ ತೆಗೆಯಬಹುದು, ಯಾಕೆಂದರೆ ಪ್ರತಿ ಮನೆಯಲ್ಲೂ ನಾಲ್ಕೂ ಪುಡಿ ಇದ್ದವು. ಸರದಿಯನ್ನು ತೆಗೆಯುವುದು ಹೇಗೆ? ಟ ಒಂದೇ ಒಂದು ಮನೆಯಲ್ಲೂ ಮೊದಲು ಬರಲಿಲ್ಲ. ಬಂದದ್ದು ಸೀತಕ್ಕನ ಲೋಟದಲ್ಲಿ ಮಾತ್ರ. ಅದನ್ನು ನಾನೇ ಹೊರಗಿಟ್ಟೆ.

ಜಗುಲಿಯೊಂದು ನಕ್ಕಿತೆಂದು ಇಷ್ಟೆಲ್ಲ.

ಡಿಸೆಂಬರ್ 7, ಭಾನುವಾರ, ಬೆಳಿಗ್ಗೆ

ಹೊಸ ಚೀಟಿ ಕತ್ತರಿಸಿದೆ. ರಟ್ಟಿನವು. ಬೆವರಿಗೆ ಅಂಟುವುದಿಲ್ಲ.

ಹೊನ್ನಕ್ಕನ ಮನೆಗೆ ಹೋಗಿ ಹಳೆಯ ಹದದ ಪುಡಿ ಕೇಳಿದೆ. “ಅದು ಎಂತಕ್ಕೆ? ದನಕ್ಕೆ ಹಾಕನ ಅಂತಿದ್ದೆ.” ಯಾಕೆಂದು ಹೇಳಿದೆ. ಚೀಟಿ, ಭಟ್ಟರು, ಸೀತಕ್ಕ, ಮೊನ್ನೆ ಕುಡಿದ ಸಪ್ಪೆ ಕಷಾಯ, ಎಲ್ಲ. ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ಡಬ್ಬಿ ಕೈಗಿಟ್ಟು ಒಳಗೆ ಹೋದರು. ಗೇಟಿನ ತನಕ ಬರಲಿಲ್ಲ.

ಮೊದಲು ಎನ್.ಆರ್.ಪುರ, ಮೇಡಂ ಹತ್ತಿರ. ಫೋನಿನಲ್ಲಾದರೆ ಮತ್ತೆ ‘ಹೂಂ’ ಎಂದುಬಿಡುತ್ತೇನೆ. ಎದುರು ನಿಂತೇ ಹೇಳಬೇಕು. ನಾಳೆಯಿಂದ ಎಲ್ಲ ಮನೆಗಳೂ ಇನ್ನೊಮ್ಮೆ. ಹಿರೇಕೊಡಿಗೆಯಿಂದಲೇ ಶುರು. ಜಗುಲಿ ತುಂಬಿರುವಾಗಲೇ ಹೋಗುವುದು. ಚೀಟಿಯನ್ನು ಭಟ್ಟರ ಕೈಯಿಂದಲೇ ಎತ್ತಿಸುವುದು. ನಕ್ಕರೆ ನಗಲಿ. ಚೀಟಿ ಹೇಳಿದ ಸರದಿಯಲ್ಲೇ ಲೋಟ ಇಡುತ್ತೇನೆ.